ಲ್ಯಾಪ್‌ಟಾಪ್ ಬೂಟ್ ಆಗುತ್ತಿಲ್ಲವೇ? ಮೊದಲು ಫೈಲ್, ಆಮೇಲೆ ರಿಪೇರಿ

ನನ್ನ ಚಿಕ್ಕಮ್ಮನ ಮಗ ಪಾಂಡವಪುರದ ಹತ್ತಿರ ಹೈಸ್ಕೂಲ್ ಮೇಷ್ಟ್ರು. ಒಂದು ಭಾನುವಾರ ಬೆಳಿಗ್ಗೆ ಸರಸ್ವತಿಪುರಂನ ನಮ್ಮ ಮನೆಗೆ ಬಂದವನು ಕಾಫಿಗೂ ಕೂರದೆ, ಟವೆಲಿನಲ್ಲಿ ಸುತ್ತಿದ್ದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟ. "ಮೊನ್ನೆ ರಾತ್ರಿ ಗಂಟ ಚೆನ್ನಾಗೇ ಇತ್ತು ಕಣಕ್ಕ. ಬೆಳಿಗ್ಗೆ ಆನ್ ಮಾಡಿದ್ರೆ ಬರೀ ರೌಂಡು ಸುತ್ತುತ್ತೆ, ಒಳಕ್ಕೇ ಹೋಗಲ್ಲ." ಹಿಂದಿನ ದಿನ ಅಂಗಡಿಯೊಂದಕ್ಕೆ ತೋರಿಸಿದ್ದ. ಹತ್ತು ನಿಮಿಷ ನೋಡಿ, ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಿ ಸಂಜೆಗೆ ಕೊಡ್ತೀವಿ ಅಂದರಂತೆ. ಒಪ್ಪದೆ ಎತ್ತಿಕೊಂಡು ಬಂದಿದ್ದ. ಅವನು ಅಂದು ಒಪ್ಪಿದ್ದರೆ ನಾನಿಲ್ಲಿ ಬರೆಯಲು ಏನೂ ಇರುತ್ತಿರಲಿಲ್ಲ.

ಒಳಗಿದ್ದದ್ದು ಏಳು ವರ್ಷದ ರೆಕಾರ್ಡಿಂಗ್. ಸೋಬಾನೆ ಪದ, ರಾಗಿ ಬೀಸುವ ಪದ, ನೀಲಗಾರರು ತಂಬೂರಿ ಹಿಡಿದು ಹಾಡಿದ ಮಂಟೇಸ್ವಾಮಿ ಕಥೆ. ಹಾಡಿದವರಲ್ಲಿ ಇಬ್ಬರು ಅಜ್ಜಿಯರು ಈಗಿಲ್ಲ. ಬೇರೆಲ್ಲೂ ಪ್ರತಿ ಇರಲಿಲ್ಲ.

ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಲ್ಯಾಪ್‌ಟಾಪ್ ಹಿಡಿದು ಬರುವ ಮಕ್ಕಳಿಗೂ ಮೇಷ್ಟ್ರುಗಳಿಗೂ ನಾನು ಕೇಳುವ ಮೊದಲ ಪ್ರಶ್ನೆ "ಏನಾಯ್ತು?" ಅಲ್ಲ, "ಒಳಗೆ ಏನಿದೆ? ಅದು ಬೇರೆ ಕಡೆ ಇದೆಯಾ?" ಎಂಬುದು. ಇಲ್ಲ ಅಂದರೆ ರಿಪೇರಿಯ ಮಾತು ಅಲ್ಲಿಗೇ ನಿಲ್ಲುತ್ತದೆ. ಮೊದಲು ಫೈಲ್ ಹೊರಗೆ ಬರಬೇಕು.

ಮೂರು ಬಗೆಯ "ಆನ್ ಆಗ್ತಿಲ್ಲ"

"ಆನ್ ಆಗ್ತಿಲ್ಲ" ಅನ್ನುವ ಒಂದೇ ಮಾತಿನೊಳಗೆ ಮೂರು ಕಾಯಿಲೆಗಳಿವೆ. ಬಟನ್ ಒತ್ತಿದರೆ ದೀಪವೂ ಇಲ್ಲ, ಫ್ಯಾನೂ ಇಲ್ಲ, ಇದೊಂದು. ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು, ಇದು ಎರಡನೆಯದು. ಕಂಪನಿಯ ಲೋಗೋ ಬಂದು ಅಲ್ಲಿಂದ ಮುಂದಕ್ಕೆ ಹೋಗದಿರುವುದು ಮೂರನೆಯದು.

ಜನ ಹೆಚ್ಚು ಹೆದರುವುದು ಮೊದಲನೆಯದಕ್ಕೆ, ನಾನು ಹೆದರುವುದು ಮೂರನೆಯದಕ್ಕೆ. ಪೂರ್ತಿ ಸತ್ತಂತೆ ಕಾಣುವ ಲ್ಯಾಪ್‌ಟಾಪಿನಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಚಾರ್ಜರ್, ಜ್ಯಾಕ್ ಇಲ್ಲವೇ ಮದರ್‌ಬೋರ್ಡ್. ಡಿಸ್ಕಿನೊಳಗಿನದು ಬಹುಪಾಲು ಇದ್ದಲ್ಲೇ ಇರುತ್ತದೆ. ಅರ್ಧ ಶುರುವಾಗಿ ನಿಲ್ಲುವ ಯಂತ್ರದಲ್ಲಾದರೆ ಡಿಸ್ಕೇ ಕಾಯಿಲೆ ಬಿದ್ದಿರಬಹುದು. ಆಗ ಬಟನ್ ಒತ್ತಿದಷ್ಟೂ ಸಲ ಅದು ಇನ್ನಷ್ಟು ಸವೆಯುತ್ತದೆ. "ಇನ್ನೊಂದ್ಸಲ ಹಾಕಿ ನೋಡೋಣ" ಎಂದು ಇಪ್ಪತ್ತು ಸಲ ಹಾಕಿ ನೋಡುವುದು ನಮ್ಮೆಲ್ಲರ ಅಭ್ಯಾಸ. ಫೈಲುಗಳನ್ನು ಕಳೆಯುವುದು ಎಷ್ಟೋ ಸಲ ಅದೇ.

ದೀಪವೇ ಬರದಿದ್ದರೆ

ಗೋಡೆಯ ಪ್ಲಗ್ಗಿಗೆ ಬೇರೆ ಏನಾದರೂ ಹಾಕಿ ಕರೆಂಟ್ ಇದೆಯೇ ನೋಡಿ. ಚಾರ್ಜರಿನ ಮೇಲೆ ಬರೆದ ವೋಲ್ಟೇಜ್, ಸಾಮಾನ್ಯವಾಗಿ 19 ಅಥವಾ 19.5, ಲ್ಯಾಪ್‌ಟಾಪಿನ ಹಿಂಬದಿಯಲ್ಲಿ ಬರೆದದ್ದಕ್ಕೆ ಹೊಂದಬೇಕು. ಟೈಪ್-ಸಿ ಚಾರ್ಜಿಂಗಿನ ಲ್ಯಾಪ್‌ಟಾಪಿಗೆ ಫೋನಿನ ಸಣ್ಣ ಚಾರ್ಜರ್ ಸಾಲದು, 45 ಇಲ್ಲವೇ 65 ವ್ಯಾಟಿನದು ಬೇಕಾಗುತ್ತದೆ. ಪಂಪ್‌ಸೆಟ್ ಲೈನಿನ ಪಕ್ಕದ ಮನೆಗಳಲ್ಲಿ ವೋಲ್ಟೇಜ್ ಏರಿಳಿದು ಚಾರ್ಜರ್ ಸುಟ್ಟಿರುವುದನ್ನು ನಾನು ಮಂಡ್ಯದ ಕಡೆಯಿಂದ ಬಂದ ಯಂತ್ರಗಳಲ್ಲಿ ಬಹಳ ಸಲ ನೋಡಿದ್ದೇನೆ. ಅದೇ ಅಳತೆಯ ಇನ್ನೊಂದು ಚಾರ್ಜರ್ ಹಾಕಿದರೆ ಕಥೆ ಅಲ್ಲಿಗೇ ಮುಗಿಯಬಹುದು.

ಮುಗಿಯದಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿ ಕಳಚುವಂತಿದ್ದರೆ ಕಳಚಿ, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿದ ಮೇಲೆ ಬರೀ ಚಾರ್ಜರಿನಲ್ಲಿ ಹಾಕಿ ನೋಡಿ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ, ಅಥವಾ ತಳ ಮೇಜಿನ ಮೇಲೆ ಸಮನಾಗಿ ಕೂರದೆ ಆಡುತ್ತಿದ್ದರೆ, ಬ್ಯಾಟರಿ ಊದಿಕೊಂಡಿದೆ ಎಂದೇ ತಿಳಿಯಿರಿ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಕಾಫಿಯೋ ನೀರೋ ಚೆಲ್ಲಿದ್ದರೆ ಕೂಡಲೇ ಆರಿಸಿ, ಬಿಚ್ಚಿಸಿ, ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಅಕ್ಕಿಯಲ್ಲಿ ಹೂತಿಟ್ಟರೆ ಒಳಗಿನ ಸಕ್ಕರೆ ಹೋಗುವುದಿಲ್ಲ.

ಇಷ್ಟಾದರೂ ಜೀವ ಬರದಿದ್ದರೆ ಡಿಸ್ಕ್ ಹೊರಗೆ ತೆಗೆದು ಬೇರೆ ಕಂಪ್ಯೂಟರಿಗೆ ಹಾಕುವುದೇ ದಾರಿ. ಎರಡೂವರೆ ಇಂಚಿನ ಹಾರ್ಡ್ ಡಿಸ್ಕಿಗೆ ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿಯಾದರೆ ಅದು ಸಾಟಾ ಜಾತಿಯದೋ ಎನ್‌ವಿಎಂಇ ಜಾತಿಯದೋ ನೋಡಿಕೊಂಡು ಅದಕ್ಕೆ ತಕ್ಕ ಕೇಸ್ ತರಬೇಕು. ನೋಡಲು ಒಂದೇ ಥರ ಇದ್ದರೂ ಒಂದರ ಕೇಸ್ ಇನ್ನೊಂದಕ್ಕೆ ಆಗದಿರಬಹುದು. ಕಡಿಮೆ ಬೆಲೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ, ಇತ್ತೀಚಿನ ಮ್ಯಾಕ್‌ಬುಕ್‌ಗಳಲ್ಲಿ, ಸ್ಟೋರೇಜ್ ಬೋರ್ಡಿಗೇ ಬೆಸೆದಿರುತ್ತದೆ. ಅಂಥ ಕಡೆ ಫೈಲ್ ಬೇಕೆಂದರೆ ಬೋರ್ಡನ್ನೇ ಬದುಕಿಸಬೇಕು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಕೋಣೆ ಕತ್ತಲು ಮಾಡಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಮಸುಕಾಗಿ ಅಕ್ಷರ ಕಂಡರೆ ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದೆ. ಎಚ್‌ಡಿಎಂಐ ಕೇಬಲ್ಲಿನಿಂದ ಮನೆಯ ಟಿವಿಗೆ ಜೋಡಿಸಿದರೆ ಎಷ್ಟೋ ಸಲ ವಿಂಡೋಸ್ ಪೂರ್ತಿ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಅಲ್ಲಿಂದಲೇ ಎಲ್ಲವನ್ನೂ ಕಾಪಿ ಮಾಡಿಕೊಳ್ಳಿ.

ಟಿವಿಯಲ್ಲೂ ಕಾಣದಿದ್ದರೆ ರ್‍ಯಾಮ್ ನೋಡಬೇಕು. ಬ್ಯಾಟರಿಯ ಸಂಪರ್ಕ ತೆಗೆದು, ಲೋಹದ ವಸ್ತುವೊಂದನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಂಡು, ರ್‍ಯಾಮ್ ಬಿಚ್ಚಿ ಅದರ ಹಳದಿ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಮಳೆಗಾಲದಲ್ಲಿ ತೇವಕ್ಕೆ ಕಾಲು ಮಾಸಿ ಹೀಗಾಗುವುದು ಉಂಟು. ಕ್ಯಾಪ್ಸ್ ಲಾಕ್ ದೀಪ ಮಿಣುಕಿದರೆ ಅಥವಾ ಬೀಪ್ ಸದ್ದು ಬಂದರೆ ಎಷ್ಟು ಸಲ ಎಂದು ಎಣಿಸಿ ಬರೆದುಕೊಳ್ಳಿ. ಆ ಎಣಿಕೆಯ ಅರ್ಥ ಆಯಾ ಕಂಪನಿಯ ಕೈಪಿಡಿಯಲ್ಲಿರುತ್ತದೆ.

ಲೋಗೋ ಬಂದು ನಿಂತರೆ

ನಮ್ಮ ಮೇಷ್ಟ್ರದ್ದು ಈ ಬಗೆಯದು. ಬಟನ್ ಒತ್ತುವ ಮೊದಲು ಅವನನ್ನು ಕೂರಿಸಿ ಕೇಳಿದೆ. ಇತ್ತೀಚೆಗೆ ನಿಧಾನ ಆಗಿತ್ತಾ? "ಎರಡು ತಿಂಗಳಿಂದ ಆನ್ ಆಗೋಕೇ ಹತ್ತು ನಿಮಿಷ ಕಣಕ್ಕ." ಯಾವುದಾದರೂ ಫೈಲ್ ಕಾಪಿ ಮಾಡುವಾಗ ನಡುವೆ ಸಿಕ್ಕಿಕೊಳ್ಳುತ್ತಿತ್ತಾ? "ಹೂಂ, ಒಂದು ಫೋಲ್ಡರ್ ತೆಗೆದ್ರೆ ಸಾಕು, ಹ್ಯಾಂಗ್." ಬಿದ್ದಿತ್ತಾ? ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳು ಮಂಚದ ಮೇಲಿಂದ ಬೀಳಿಸಿದ್ದಳು, ಆದರೆ ಆಮೇಲೂ ಚೆನ್ನಾಗೇ ಓಡುತ್ತಿತ್ತು ಅಂದ. ಈ ಮೂರು ಉತ್ತರ ಸಿಕ್ಕ ಮೇಲೆ ವಿಂಡೋಸ್ ಮೇಲಿನ ಅನುಮಾನ ನನಗೆ ಬಹುಪಾಲು ಹೋಯಿತು.

ಮೊದಲು ಹೋಗಬೇಕಾದದ್ದು ಬಯಾಸ್‌ಗೆ, ಅಂದರೆ ವಿಂಡೋಸಿಗೂ ಮೊದಲು ಎದ್ದು ಯಂತ್ರವನ್ನು ಶುರು ಮಾಡುವ ಪುಟ್ಟ ತಂತ್ರಾಂಶಕ್ಕೆ. ಆನ್ ಮಾಡಿದ ಕ್ಷಣದಿಂದ ಡೆಲ್, ಏಸರ್, ಆಸುಸ್‌ಗಳಲ್ಲಿ ಎಫ್2 ಒತ್ತುತ್ತಿರಿ. ಲೆನೊವೊದ ಹಲವು ಮಾದರಿಗಳಿಗೂ ಎಫ್2, ಎಚ್‌ಪಿಗೆ ಎಫ್10. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಕಾಣುತ್ತಿಲ್ಲ, ಪರದೆಯಲ್ಲಿ "ನೋ ಬೂಟಬಲ್ ಡಿವೈಸ್" ಎಂದು ಬರುತ್ತಿದೆ ಎಂದರೆ ಡಿಸ್ಕ್ ಸಡಿಲವಾಗಿರಬಹುದು ಇಲ್ಲವೇ ಕೆಟ್ಟಿರಬಹುದು. ಒಮ್ಮೆ ಬಿಚ್ಚಿ ಕೂರಿಸಿ ನೋಡಿ. ಡಿಸ್ಕ್ ಕಾಣುತ್ತಿದೆ, ಆದರೆ ಅಲ್ಲಿನ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆ ಎಂದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಆಗ ಬಯಾಸ್ ತನ್ನ ಹಳೆಯ ಸೆಟ್ಟಿಂಗಿಗೆ ಮರಳಿ, ಡಿಸ್ಕನ್ನು ಓದುವ ರೀತಿಯೇ ಬದಲಾಗಿ, ಏನೂ ಕೆಡದ ವಿಂಡೋಸ್ ಕೂಡ ನೀಲಿ ಪರದೆ ತೋರಿಸಬಹುದು. ಏನನ್ನು ಬದಲಿಸುವ ಮೊದಲೂ ಆ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ.

ನೀಲಿ ಪರದೆ ಕಂಡರೆ ಡಿಸ್ಕ್ ಹೋಯಿತು ಅಂತಲ್ಲ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ನಿಂತವು, ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕಾರಣ ಭದ್ರತಾ ತಂತ್ರಾಂಶವೊಂದರ ದೋಷವಿದ್ದ ಒಂದು ಅಪ್‌ಡೇಟ್. ಆ ಒಂದು ಫೈಲ್ ಅಳಿಸಿದ ಮೇಲೆ ಯಂತ್ರಗಳು ಎದ್ದು ಕೂತವು.

ಆವತ್ತು ಬಹಳ ಜನರನ್ನು ಕಾಡಿದ್ದು ಬಿಟ್‌ಲಾಕರ್ ಕೀ, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗದ ಕೀಲಿ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪಿಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಸಲ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಅಂಥ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ, ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಬದಲಿಸಿದರೂ, 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಯಾವ ಅಂಗಡಿಯವರಿಗೂ ಯಾವ ಲ್ಯಾಬಿನವರಿಗೂ ಒಳಗಿನದು ಸಿಗುವುದಿಲ್ಲ. ಫೋನಿನಲ್ಲಿ ಅದೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿವೈಸ್ ಪಟ್ಟಿಯ ಕೆಳಗೆ ಕೀ ಇದೆಯೇ ಇವತ್ತೇ ನೋಡಿ, ಕಾಗದದ ಮೇಲೆ ಬರೆದು ಪಹಣಿ ಪತ್ರಗಳ ಜೊತೆ ಇಡಿ. ಇದು ನಾನು ಬೇಡಿಕೊಂಡು ಹೇಳುವ ಮಾತು.

ಮೇಷ್ಟ್ರ ಯಂತ್ರ ಹಳೆಯದು, ಎನ್‌ಕ್ರಿಪ್ಷನ್ ಇರಲಿಲ್ಲ. 1 ಟಿಬಿಯ, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಬಯಾಸ್‌ನಲ್ಲಿ ಹೆಸರು ಕಂಡಿತು, ಆದರೆ ತಡವಾಗಿ. ವಿಂಡೋಸ್ "ಆಟೋಮ್ಯಾಟಿಕ್ ರಿಪೇರಿ" ಅನ್ನುತ್ತಾ ಸುತ್ತತೊಡಗಿತು. ಅಷ್ಟಕ್ಕೇ ಪವರ್ ಬಟನ್ ಒತ್ತಿ ಆರಿಸಿದೆ. "ಯಾಕಕ್ಕ, ಅದೇ ಸರಿ ಮಾಡ್ಕೊಳ್ತಿತ್ತಲ್ಲ?" ಅಂದ. ಸರಿ ಮಾಡಿಕೊಳ್ಳಲು ಅದು ಡಿಸ್ಕಿನ ಮೇಲೆ ಬರೆಯುತ್ತದಪ್ಪ, ಅದೇ ಬೇಡ ಅಂದೆ. ಡಿಸ್ಕಿನ ತಪ್ಪು ಹುಡುಕಿ ತಿದ್ದುವ ವಿಂಡೋಸಿನ ಚೆಕ್‌ಡಿಸ್ಕ್ ಕೂಡ ಹಾಗೆಯೇ. ಗಟ್ಟಿ ಡಿಸ್ಕಿಗೆ ಅದು ಔಷಧಿ, ಸಾಯುತ್ತಿರುವ ಡಿಸ್ಕಿಗೆ ಕೊಡಬಾರದು. ಫೈಲುಗಳ ಪಟ್ಟಿಯನ್ನೇ ತಿದ್ದಿ, ಓದಲಾಗದ್ದನ್ನೆಲ್ಲ ತುಂಡು ತುಂಡು ಮಾಡಿಟ್ಟುಬಿಡುತ್ತದೆ.

ಹೊರಗಿನಿಂದ ಬೂಟ್ ಮಾಡಿ ನಾಡಿ ನೋಡುವುದು

ವಿಂಡೋಸ್ ಎಬ್ಬಿಸದೆ ಡಿಸ್ಕನ್ನು ನೋಡಲು 8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಇನ್ನೊಂದು ಕಂಪ್ಯೂಟರಿನಲ್ಲಿ ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ವಿಂಡೋಸಿನ ಬದಲು ಓಡುವ ಲಿನಕ್ಸ್ ವ್ಯವಸ್ಥೆಯನ್ನು, ಉಬುಂಟು ಅಥವಾ ಲಿನಕ್ಸ್ ಮಿಂಟನ್ನು, ಅದಕ್ಕೆ ಇಳಿಸಬೇಕು. ಪೆನ್‌ಡ್ರೈವಿನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಯುತ್ತದೆ, ನೆನಪಿರಲಿ. ಆಮೇಲೆ ಕೆಟ್ಟ ಲ್ಯಾಪ್‌ಟಾಪಿಗೆ ಚುಚ್ಚಿ ಬೂಟ್ ಮೆನು ತೆರೆಯಿರಿ. ಡೆಲ್, ಲೆನೊವೊ, ಏಸರ್‌ಗೆ ಎಫ್12, ಎಚ್‌ಪಿಗೆ ಎಫ್9, ಆಸುಸ್‌ಗೆ ಎಸ್ಕೇಪ್. ಉಬುಂಟು ಬಂದಾಗ "ಟ್ರೈ" ಆರಿಸಿ. "ಇನ್‌ಸ್ಟಾಲ್" ಕಡೆಗೆ ಕೈ ಹೋಗಬಾರದು.

ಅಲ್ಲಿ "ಡಿಸ್ಕ್ಸ್" ಎಂಬ ಉಪಕರಣ ತೆರೆದು ಸ್ಮಾರ್ಟ್ ವರದಿ ನೋಡಿ. ಇದು ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಪುಸ್ತಕ. ಉದ್ದ ಪಟ್ಟಿಯಲ್ಲಿ ನಾನು ನೋಡುವುದು ನಾಲ್ಕೇ ಸಾಲು. 5ನೆಯದು, ಕೆಟ್ಟು ಬೇರೆ ಕಡೆಗೆ ಎತ್ತಂಗಡಿಯಾದ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಪುಟ್ಟ ಪುಟ್ಟ ತುಣುಕುಗಳ, ಸಂಖ್ಯೆ. 197, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. 198, ಸರಿಪಡಿಸಲಾಗದವು. 199 ಏರಿದ್ದರೆ ತಪ್ಪು ಡಿಸ್ಕಿನದಲ್ಲದೆ ಕೇಬಲ್ಲಿನದಿರಬಹುದು. ಮೊದಲ ಮೂರು ಸೊನ್ನೆ ಇದ್ದರೆ ನಿಟ್ಟುಸಿರು ಬಿಡಿ. ಎಕ್ಸ್‌ಟರ್ನಲ್ ಡಿಸ್ಕ್ ಜೋಡಿಸಿ ಮಾಮೂಲಿನಂತೆ ಕಾಪಿ ಮಾಡಿ, ಆಮೇಲೆ ವಿಂಡೋಸಿನ ಸ್ಟಾರ್ಟಪ್ ರಿಪೇರಿ, ಇತ್ತೀಚಿನ ಅಪ್‌ಡೇಟ್ ತೆಗೆಯುವುದು, ಸಿಸ್ಟಮ್ ರಿಸ್ಟೋರ್ ಯಾವುದನ್ನು ಬೇಕಾದರೂ ಧೈರ್ಯವಾಗಿ ಮಾಡಿ. ವಿಂಡೋಸ್ ಪೂರ್ತಿ ಆರದೆ ಅರೆನಿದ್ದೆಯಲ್ಲಿದ್ದರೆ ಲಿನಕ್ಸ್ ಆ ಡ್ರೈವನ್ನು ಬರೀ ಓದಲು ಮಾತ್ರ ತೆರೆಯುತ್ತದೆ ಅಥವಾ ತೆರೆಯಲು ಒಪ್ಪುವುದಿಲ್ಲ. ಓದಲು ಸಿಕ್ಕರೆ ಸಾಕು, ನಮಗೆ ಬೇಕಾದದ್ದೂ ಅಷ್ಟೇ.

ಮೇಷ್ಟ್ರ ಡಿಸ್ಕಿನಲ್ಲಿ 197ರ ಎದುರು 184 ಇತ್ತು. ಹತ್ತು ನಿಮಿಷ ಬಿಟ್ಟು ನೋಡಿದರೆ 192. ಹಾಡುಗಳಿದ್ದ ಫೋಲ್ಡರ್ ಎಳೆದು ಹಾಕಿ ಕಾಪಿ ಮಾಡುವ ಆಸೆ ಇಬ್ಬರಿಗೂ ಆಯಿತು. ಮಾಡಲಿಲ್ಲ. ಮಾಮೂಲಿ ಕಾಪಿ ಕೆಟ್ಟ ಸೆಕ್ಟರ್ ಸಿಕ್ಕ ಕಡೆ ಬಾಗಿಲು ಬಡಿಯುತ್ತಾ ನಿಂತುಬಿಡುತ್ತದೆ. ಆ ಬಡಿತಕ್ಕೇ ಓದುವ ತಲೆ ಸೋತು, ಆಚೆ ಇರುವ ಒಳ್ಳೆಯ ಭಾಗವೂ ಕೈತಪ್ಪುತ್ತದೆ.

ಪ್ರತಿ ತೆಗೆಯುವುದು

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಅಂಥ ಗರಿಗಳನ್ನು ಸಂದೇಹ ಬಂದಾಗಲೆಲ್ಲ ಮಗುಚುತ್ತಾ ಕೂತರೆ ಅಂಚು ಉದುರಿಹೋಗುತ್ತದೆ. ಜೋಪಾನವಾಗಿ ಒಮ್ಮೆ ನಕಲು ಮಾಡಿಕೊಂಡು, ಮುಂದಿನ ಚರ್ಚೆಯನ್ನೆಲ್ಲ ನಕಲಿನ ಮೇಲೆ ನಡೆಸಬೇಕು. ಸಾಯುತ್ತಿರುವ ಡಿಸ್ಕಿಗೂ ಬೇಕಾದದ್ದು ಇದೇ. ಫೈಲ್ ಹುಡುಕುವುದೆಲ್ಲ ಆಮೇಲೆ, ಮೊದಲು ಇಡೀ ಡಿಸ್ಕಿನ ಒಂದು ಇಮೇಜ್, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಒಂದೇ ಫೈಲಾಗಿ ತೆಗೆದ ನಕಲು.

ಇದಕ್ಕೆ ನಾನು ನಂಬಿರುವುದು ಡಿಡಿರೆಸ್ಕ್ಯೂ. ಉಚಿತ ತಂತ್ರಾಂಶ. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಅದರಲ್ಲಿ ಮೊದಲೇ ಇರುತ್ತದೆ. ಇದು ಒಳ್ಳೆಯ ಜಾಗಗಳನ್ನು ಮೊದಲು ಓದಿಕೊಳ್ಳುತ್ತದೆ. ಕೆಟ್ಟ ಜಾಗ ಸಿಕ್ಕರೆ ಅಲ್ಲಿ ನಿಲ್ಲದೆ ಗುರುತು ಹಾಕಿ ಮುಂದಕ್ಕೆ ಜಿಗಿಯುತ್ತದೆ, ಕಷ್ಟದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿ ಓದಾಯಿತು, ಎಲ್ಲಿ ಬಾಕಿ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆಯುತ್ತಾ ಹೋಗುತ್ತದೆ. ನಡುವೆ ಕರೆಂಟ್ ಹೋದರೂ, ಡಿಸ್ಕ್ ಬಿಸಿಯಾಯಿತೆಂದು ನಾವೇ ನಿಲ್ಲಿಸಿದರೂ, ನಿಂತ ಕಡೆಯಿಂದ ಶುರು ಮಾಡಬಹುದು. ಆ ಮ್ಯಾಪ್ ಫೈಲನ್ನು ಪೆನ್‌ಡ್ರೈವ್‌ನ ಲೈವ್ ಲಿನಕ್ಸ್ ಒಳಗೆ ಇಡಬೇಡಿ. ಯಂತ್ರ ಆರಿದರೆ ಅದೂ ಮಾಯ. ಇಮೇಜ್ ಹೋಗುವ ಡಿಸ್ಕಿನಲ್ಲೇ ಇಡಿ.

ಪ್ರತಿ ಹೋಗುವ ಡಿಸ್ಕ್ ಮೂಲಕ್ಕಿಂತ ದೊಡ್ಡದಿರಬೇಕು. ನಾವು 2 ಟಿಬಿಯದು ತಂದೆವು. ಅದು ಫ್ಯಾಟ್32 ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಯುವುದಿಲ್ಲ, ಎನ್‌ಟಿಎಫ್‌ಎಸ್ ಅಥವಾ ಎಕ್ಸ್ಟ್4 ಆಗಿರಲಿ. ಆಜ್ಞೆ ಕೊಡುವಾಗ ಮೂರು ಹೆಸರು ಇದೇ ಕ್ರಮದಲ್ಲಿ: ಮೊದಲು ಮೂಲ ಡಿಸ್ಕ್, ಆಮೇಲೆ ಇಮೇಜ್ ಫೈಲ್, ಕೊನೆಗೆ ಮ್ಯಾಪ್ ಫೈಲ್. ಡಿಸ್ಕಿಗೆ ಡಿಸ್ಕನ್ನೇ ನಕಲು ಮಾಡುವವರು ಮೊದಲೆರಡನ್ನು ಅದಲುಬದಲು ಮಾಡಿದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಬರೆದುಹೋಗುತ್ತದೆ, ಅದಕ್ಕೆ ಪರಿಹಾರವಿಲ್ಲ. ಎಂಟರ್ ಒತ್ತುವ ಮೊದಲು ಡಿಸ್ಕುಗಳ ಗಾತ್ರ, ಮಾಡೆಲ್ ಹೆಸರು ಎರಡನ್ನೂ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ. ನಾನು ಮೇಷ್ಟ್ರ ಕೈಯಲ್ಲಿ ಓದಿಸಿದೆ. ಮೊದಲ ಸುತ್ತಿಗೆ ಮೈನಸ್ ಎನ್ ಎಂಬ ಆಯ್ಕೆ ಕೊಡಿ, ಕೆಟ್ಟ ಜಾಗಗಳನ್ನು ಕೆರೆಯದೆ ಬಿಡುತ್ತದೆ. ಎರಡನೆಯ ಸುತ್ತಿನಲ್ಲಿ ಅದನ್ನು ತೆಗೆದು, ಮೈನಸ್ ಆರ್ ಜೊತೆ 3 ಕೊಟ್ಟರೆ ಉಳಿದ ಜಾಗಗಳನ್ನು ಮೂರು ಮೂರು ಸಲ ಪ್ರಯತ್ನಿಸುತ್ತದೆ.

ಗಟ್ಟಿ ಡಿಸ್ಕಾದರೆ 1 ಟಿಬಿ ಓದಲು ಮೂರು ಗಂಟೆ ಸಾಕು. ನಮ್ಮ ಮೊದಲ ಸುತ್ತಿಗೆ 11 ಗಂಟೆ ಹಿಡಿಯಿತು. ಲ್ಯಾಪ್‌ಟಾಪಿನ ತಳ ಬಿಚ್ಚಿ, ಟೇಬಲ್ ಫ್ಯಾನ್ ತಿರುಗಿಸಿಟ್ಟು, ಮೇಜು ಅಲುಗದಂತೆ ಮನೆಯವರಿಗೆಲ್ಲ ಹೇಳಿ ಕಾದೆವು. ಶೇಕಡ 99.6 ಬಂತು. ಕೇಳಲು ಬಹಳ ಅನಿಸಿದರೂ ಉಳಿದದ್ದು 4 ಜಿಬಿ. ಮುಂದಿನ ಎರಡು ರಾತ್ರಿ ಎರಡನೆಯ ಸುತ್ತು ನಡೆದು ಬಾಕಿ 190 ಎಂಬಿಗೆ ಇಳಿಯಿತು. ಅಲ್ಲಿಗೆ ನಿಲ್ಲಿಸಿ, ಹಳೆಯ ಡಿಸ್ಕನ್ನು ಬಿಚ್ಚಿ, ದಿನಾಂಕ ಬರೆದ ಚೀಟಿ ಅಂಟಿಸಿ ತೆಗೆದಿಟ್ಟೆ.

ಕೈ ಹಾಕಬಾರದ ಡಿಸ್ಕ್

ಆನ್ ಮಾಡಿದಾಗ ಒಂದೇ ಲಯದಲ್ಲಿ ಟಕ್ ಟಕ್ ಎನ್ನುತ್ತಿದ್ದರೆ, ಕೆರೆದ ಸದ್ದು ಬಂದರೆ, ಇಲ್ಲವೇ ಬಿಚ್ಚಿ ಕೂರಿಸಿದ ಮೇಲೂ ಬಯಾಸ್‌ಗೆ ಕಾಣದಿದ್ದರೆ ಮೇಲಿನ ಬೇರೆ ಯಾವುದನ್ನೂ ಮಾಡಬೇಡಿ. ಹಾರ್ಡ್ ಡಿಸ್ಕಿನ ಓದುವ ತಲೆ ಒಳಗೆ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಒಂದು ಕೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಮನೆಯಲ್ಲಿ ಮುಚ್ಚಳ ತೆರೆದರೆ ಗಾಳಿಯ ಧೂಳೇ ತಟ್ಟೆಯನ್ನು ಗೀರುತ್ತದೆ. ಫ್ರಿಜ್ಜಿನಲ್ಲಿಡುವ ಉಪಾಯವನ್ನು ಈಗಲೂ ಹೇಳುವವರಿದ್ದಾರೆ. ಹೊರಗೆ ತೆಗೆದ ಕೂಡಲೇ ಒಳಗೆ ಹನಿ ಕಟ್ಟುತ್ತದೆ, ದಯವಿಟ್ಟು ಬೇಡ. ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿ ಲ್ಯಾಬಿಗೆ ಹಾಗೇ ಕೊಡಬೇಕು. ಖರ್ಚು ಹೆಚ್ಚು, ಆದರೆ ಅಲ್ಲಿಗೆ ಹೋಗುವ ಮೊದಲು ನಾವು ಮಾಡುವ ಪ್ರಯೋಗಗಳಿಂದ ಸಿಗಬಹುದಾದದ್ದೂ ಕಡಿಮೆಯಾಗುತ್ತದೆ.

ಎಸ್‌ಎಸ್‌ಡಿಯಲ್ಲಿ ಸದ್ದಿಲ್ಲ, ಎಷ್ಟೋ ಸಲ ಮುನ್ಸೂಚನೆಯೂ ಇಲ್ಲ. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ಫೈಲುಗಳನ್ನು ಕೆದಕಿ ತೆಗೆಯಬಹುದು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗಗಳನ್ನು ತಾನೇ ಗುಡಿಸಿಬಿಡುವುದರಿಂದ ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ. "ಫಾರ್ಮ್ಯಾಟ್ ಮಾಡಿ ಆಮೇಲೆ ರಿಕವರ್ ಮಾಡೋಣ" ಎಂದು ಯಾರಾದರೂ ಹೇಳಿದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಬನ್ನಿ.

ಇಮೇಜಿನೊಳಗಿಂದ

ಇಮೇಜನ್ನು ಓದಲು ಮಾತ್ರ ಎಂದು ತೆರೆದಾಗ ಬಹುಪಾಲು ಫೋಲ್ಡರ್‌ಗಳು ಹೆಸರಿನ ಸಮೇತ ಬಂದವು. ಪಾರ್ಟಿಷನ್ನೇ (ಸಿ, ಡಿ ಎಂಬಂಥ ಡಿಸ್ಕಿನ ಭಾಗ) ಕಾಣದಿದ್ದರೆ ಅದನ್ನು ಹುಡುಕಿಕೊಡುವ ಟೆಸ್ಟ್‌ಡಿಸ್ಕ್ ಬಳಸಬೇಕಿತ್ತು, ನಮಗೆ ಅದರ ಅಗತ್ಯ ಬೀಳಲಿಲ್ಲ. 2019ರ ಫೋಲ್ಡರ್ ಮಾತ್ರ ತೆರೆಯಲಿಲ್ಲ. ಅದಕ್ಕೆ ಫೋಟೋರೆಕ್ ಓಡಿಸಿದೆ. ಹೆಸರು ಫೋಟೋದ್ದಾದರೂ ಆಡಿಯೋ, ವಿಡಿಯೋ, ವರ್ಡ್ ಫೈಲುಗಳನ್ನೂ ಅವುಗಳ ಆರಂಭದ ಗುರುತಿನಿಂದ ಹಿಡಿದು ಹೆಕ್ಕುತ್ತದೆ. ಹೆಸರು, ಫೋಲ್ಡರ್ ಏನೂ ಉಳಿಯುವುದಿಲ್ಲ, ಬರೀ ಅಂಕಿ. 340 ಆಡಿಯೋ ಫೈಲ್ ಹೀಗೆ ಬಂದವು.

ಹೆಸರು ಕೊಡುವ ಕೆಲಸ ಮೇಷ್ಟ್ರದ್ದಾಯಿತು. ಯಾವ ದಿನ, ಯಾವ ಊರು, ಯಾರು ಹಾಡಿದ್ದು ಎಂದು ಬರೆದಿಟ್ಟ ನೋಟ್‌ಬುಕ್ ಅವನ ಬಳಿ ಇತ್ತು. ಒಂದೊಂದೇ ಹಾಕಿ, ದನಿ ಕೇಳಿ ಗುರುತಿಸುತ್ತಾ ಹೋದ. ರಾತ್ರಿ ಹನ್ನೊಂದರ ಹೊತ್ತಿಗೆ ತೀರಿಹೋದ ಅಜ್ಜಿಯೊಬ್ಬರ ದನಿ ಬಂತು. ಹಾಡಿಗೆ ಮೊದಲು "ಹಾಕ್ದೇನಪ್ಪ ಅದ್ನ?" ಎಂದು ಕೇಳುತ್ತಾರೆ. ಅವನು ಅದನ್ನೇ ಮೂರು ಸಲ ಹಾಕಿದ.

ಮೂರು ರೆಕಾರ್ಡಿಂಗಿನಲ್ಲಿ ನಡುನಡುವೆ ಮೌನ ಇದೆ. ವೇವ್ ಫೈಲಿನಲ್ಲಿ ಒಂದು ನಿಮಿಷದ ಹಾಡಿಗೆ ಸುಮಾರು 10 ಎಂಬಿ ಬೇಕು, ಅರ್ಧ ಎಂಬಿ ಓದಲಾಗದಿದ್ದರೆ ಮೂರು ಸೆಕೆಂಡ್ ಹೋಯಿತು. ಸೋಬಾನೆ ಪದದಲ್ಲಿ ಸೊಲ್ಲು ಮರುಕಳಿಸುವುದರಿಂದ ಎರಡು ಕಡೆ ಕಳೆದದ್ದೇನೆಂದು ಅವನಿಗೆ ಗೊತ್ತಾಯಿತು. ಮೂರನೆಯದು ರಾಗಿ ಬೀಸುವ ಪದ, ಅದರಲ್ಲಿ ಒಂದು ಸಾಲು ಪೂರ್ತಿ ಇಲ್ಲ. ಹಾಡಿದವರ ತಂಗಿ ಮೇಲುಕೋಟೆಯ ಹತ್ತಿರ ಇದ್ದಾರಂತೆ, ಅವರಿಗೂ ಬರುತ್ತದಂತೆ. ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ ಹಾಕಿಸಿ, ಹಾಡುಗಳ ಒಂದು ಪ್ರತಿಯನ್ನು ನಮ್ಮ ಮನೆಯಲ್ಲಿ, ಇನ್ನೊಂದನ್ನು ಅವನ ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇವೆ. ಬರುವ ಭಾನುವಾರ ಅವನು ರೆಕಾರ್ಡರ್ ಹಿಡಿದು ಮೇಲುಕೋಟೆಗೆ ಹೊರಟಿದ್ದಾನೆ.